ಪೇಟ ತೊಟ್ಟ ಮೇಷ್ಟ್ರು, ತಲೆ ಬಾಚದ ಅಮ್ಮ

ಬೇಸಿಗೆ ರಜೆ ಶುರುವಾಯಿತೆಂದರೆ ಶಿಡ್ಲಘಟ್ಟದ ಸುತ್ತಮುತ್ತ ಲಗ್ನಪತ್ರಿಕೆಗಳ ಜೊತೆಗೇ ಇನ್ನೊಂದು ಬಗೆಯ ಆಹ್ವಾನವೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ: ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’. ಮೇಲೆ ಸರಸ್ವತಿ, ಕೆಳಗೆ ಸಾಲಾಗಿ ಮೇಷ್ಟ್ರುಗಳ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಅದರ ಕೆಳಗೆ ಇಂಥ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಎಂಬ ಒಕ್ಕಣೆ. ಒಬ್ಬ ಉತ್ಸಾಹಿ ವಾಟ್ಸ್‌ಆ್ಯಪ್ ಗುಂಪು ಕಟ್ಟುತ್ತಾನೆ, ಸಿಕ್ಕ ಸಿಕ್ಕ ನಂಬರುಗಳನ್ನೆಲ್ಲ ಸೇರಿಸುತ್ತಾನೆ. ಒಂದಷ್ಟು ತಿಂಗಳು ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಕೇಕು, ಮುಗಿದ ಚುನಾವಣೆಯ ಜಗಳ. ಆಮೇಲೆ ಯಾರೋ ಒಬ್ಬರು, ಎಲ್ಲರೂ ಒಂದಿನ ಸೇರೋಣ ಕಣ್ರೋ ಅನ್ನುತ್ತಾರೆ. ಗುಂಪಿನ ಸದಸ್ಯರ ಮಿತಿ 2016ರಲ್ಲಿ 256ಕ್ಕೂ 2022ರಲ್ಲಿ 1,024ಕ್ಕೂ ಏರಿದ ಮೇಲಂತೂ ಒಂದು ಬ್ಯಾಚೇನು, ಸಣ್ಣದೊಂದು ಶಾಲೆಯನ್ನೇ ಒಳಗೆ ಕೂರಿಸಬಹುದು.

ಕಾರ್ಯಕ್ರಮದ ಚೌಕಟ್ಟು ಬಹುಮಟ್ಟಿಗೆ ಒಂದೇ. ನಿವೃತ್ತ ಮೇಷ್ಟ್ರುಗಳನ್ನು ಗೇಟಿನಿಂದ ವೇದಿಕೆಯ ತನಕ ಹೂವೆರಚುತ್ತಾ ಕರೆತರುವುದು, ಪ್ರಾರ್ಥನೆ, ದೀಪ, ತೀರಿಹೋದ ಸಹಪಾಠಿಗಳಿಗಾಗಿ ಒಂದು ನಿಮಿಷದ ಮೌನ, ಆಮೇಲೆ ಸನ್ಮಾನ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಕೆಲವು ಕಡೆ ಮೇಷ್ಟ್ರ ಕೈಗೆ ಹಾಜರಿ ಪುಸ್ತಕ ಕೊಟ್ಟು ಹೆಸರು ಕೂಗಿಸುತ್ತಾರೆ. ತಲೆ ನರೆತ ಗಂಡಸರು ಎದ್ದು ನಿಂತು ‘ಎಸ್ ಸಾರ್’ ಅನ್ನುವಾಗ ಇಡೀ ಸಭೆ ಸಡಿಲಗೊಂಡು ನಗುತ್ತದೆ. ಯಾರೋ ಕೂತು ಯೋಚಿಸಿ ಮಾಡಿದ್ದು ಅನ್ನಿಸುವ ಭಾಗ ಅದೊಂದೇ. ಉಳಿದದ್ದೆಲ್ಲ ಮದುವೆಮನೆಯಿಂದಲೂ ರಾಜಕೀಯ ಸಭೆಯಿಂದಲೂ ಎತ್ತಿಕೊಂಡದ್ದು. ಇದನ್ನು ಸಂಸ್ಕಾರವೆಂದು ಹೊಗಳಿ ಸುಮ್ಮನಾಗುವುದು ಸುಲಭ, ಆಡಂಬರವೆಂದು ಮೂಗು ಮುರಿಯುವುದು ಇನ್ನೂ ಸುಲಭ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ. ಇಂಥ ಕೂಟಗಳು ನಮ್ಮ ಕೈಯಲ್ಲಿರುವ ಕ್ಯಾಮೆರಾಕ್ಕೆ ಏನನ್ನು ನೋಡಲು ಕಲಿಸುತ್ತಿವೆ? ಯಾಕೆಂದರೆ ಅಲ್ಲಿ ಪಳಗಿದ ಕಣ್ಣನ್ನೇ ಇಟ್ಟುಕೊಂಡು ನಾವು ಮನೆಗೆ ಹಿಂದಿರುಗುತ್ತೇವೆ.

ಮೆಚ್ಚಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ಗುಂಪುಗಳ ಅತ್ಯುತ್ತಮ ಕೆಲಸ ನಡೆಯುವುದು ಕೂಟದ ದಿನವಲ್ಲ, ಅದಕ್ಕೆ ಮುಂಚಿನ ವಾರಗಳಲ್ಲಿ. ಯಾರೋ ಟ್ರಂಕಿನ ತಳದಿಂದ ತರಗತಿಯ ಗ್ರೂಪ್ ಫೋಟೊ ತೆಗೆದು, ಮೊಬೈಲಿನಲ್ಲಿ ಅದನ್ನು ಹಿಡಿದು ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಶುರು. ‘ಮೂರನೇ ಸಾಲು, ಎಡಗಡೆಯಿಂದ ನಾಲ್ಕನೆಯವನು ಯಾರೋ?’ ‘ಜಂಗಮಕೋಟೆ ಬಸ್ಸಲ್ಲಿ ಬರ್ತಿದ್ನಲ್ಲ, ಅವನು.’ ‘ಅಲ್ಲ ಕಣೋ, ಅವನು ಆ ವರ್ಷ ಮೇಲೂರು ಸ್ಕೂಲಿಗೆ ಹೊರಟುಹೋಗಿದ್ದ.’ ಮಸುಕಾದ ಒಂದು ಮುಖಕ್ಕೆ ಹೆಸರು ಹುಡುಕಲು ಚಿಂತಾಮಣಿಯಲ್ಲಿ, ಬೆಂಗಳೂರಿನಲ್ಲಿ, ದುಬೈಯಲ್ಲಿ ಕೂತವರು ರಾತ್ರಿ ಬಹಳ ಹೊತ್ತಿನ ತನಕ ಕಿತ್ತಾಡುತ್ತಾರೆ. 2010ರಲ್ಲಿ ಅನುಷಾ ಯಾದವ್ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಮನೆಮನೆಯ ಹಳೆಯ ಫೋಟೊಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಕೂಡಿಸಿ ಉಪಖಂಡದ ಚರಿತ್ರೆ ಹೇಳಲು ಹೊರಟಿತಲ್ಲ, ನಮ್ಮ ಅಡ್ಮಿನ್‌ಗಳು ಮಾಡುತ್ತಿರುವುದೂ ಅದನ್ನೇ, ಅವರಿಗದು ಗೊತ್ತಿಲ್ಲ ಅಷ್ಟೆ. ಆದರೆ ಅಲ್ಲಿ ಜೋಡಿಸಿ ಉಳಿಸುತ್ತಾರೆ. ಇಲ್ಲಿ ಮರುದಿನ ಬೆಳಗಿನ ಗುಲಾಬಿ ಹೂಗಳ ಕೆಳಗೆ ಎಲ್ಲವೂ ಮುಚ್ಚಿಹೋಗುತ್ತದೆ. ಫೋನು ತುಂಬಿತೆಂದು ಒಂದು ಸಂಜೆ ಇಡೀ ಗುಂಪಿನ ಚಿತ್ರಗಳನ್ನು ಒಟ್ಟಿಗೇ ಅಳಿಸುತ್ತೇವೆ. ಅಷ್ಟು ಜಗಳವಾಡಿ ಗೊತ್ತುಮಾಡಿದ ಹೆಸರುಗಳನ್ನು ಆ ಫೋಟೊದ ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಟ್ಟವರನ್ನು ನಾನು ಕಂಡಿಲ್ಲ.

ಕೂಟದ ದಿನ ಇದೇ ಜನ ಬೇರೆಯವರಾಗಿಬಿಡುತ್ತಾರೆ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಎಲ್ಲರೂ ಹಿಡಿಯುವುದು ಒಂದೇ ಚಿತ್ರವನ್ನು. ನಡುವೆ ಪೇಟ ತೊಟ್ಟ ಮೇಷ್ಟ್ರು, ಎರಡೂ ಬದಿಗೆ ಸಾಲು, ಹಿಂದೆ ಫ್ಲೆಕ್ಸು. ವಯಸ್ಸಾದ ಒಬ್ಬರು ಟೀಚರು ಹಳೆಯ ವಿದ್ಯಾರ್ಥಿನಿಯ ಕೈ ಹಿಡಿದುಕೊಂಡು ಏನೋ ಕೇಳುತ್ತಿರುತ್ತಾರೆ. ಮಕ್ಕಳೆಷ್ಟು, ಅಪ್ಪ ಇದ್ದಾರಾ, ಮನೇಲಿ ಇನ್ನೂ ರೇಷ್ಮೆಹುಳು ಸಾಕ್ತೀರಾ ಎಂಬಂಥದ್ದು. ಅಷ್ಟರಲ್ಲಿ ‘ಮೇಡಂ, ಸ್ವಲ್ಪ ಈ ಕಡೆ ನೋಡಿ ಮೇಡಂ’. ಮಾತು ನಿಲ್ಲುತ್ತದೆ, ಇಬ್ಬರೂ ಕ್ಯಾಮೆರಾದತ್ತ ತಿರುಗುತ್ತಾರೆ, ಮುಖಗಳು ಒಂದೇ ಅಚ್ಚಿಗೆ ಬರುತ್ತವೆ. ಹಿಡಿಯಬೇಕಾದ ಚಿತ್ರ ಇದ್ದದ್ದು ಅದಕ್ಕಿಂತ ಎರಡು ಕ್ಷಣ ಹಿಂದೆ. ಈಚೆಗೆ ದುಡ್ಡಿರುವ ಬ್ಯಾಚಿನವರು ಡ್ರೋನ್ ತರಿಸುತ್ತಾರೆ. ಡ್ರೋನಿನಿಂದ ನಮ್ಮೆಲ್ಲರ ಬೋಳುತಲೆ ಚೆನ್ನಾಗಿ ಕಾಣುತ್ತದೆ ಅನ್ನುವುದನ್ನು ಬಿಟ್ಟರೆ ಅದರ ಉಪಯೋಗ ನನಗಿನ್ನೂ ಹೊಳೆದಿಲ್ಲ.

ಇನ್ನು ಕೂಟಕ್ಕೆ ಬಾರದವರ ವಿಷಯ. ಎಸ್ಸೆಸ್ಸೆಲ್ಸಿ ಬ್ಯಾಚು ಎಂದು ಅಳತೆ ಇಟ್ಟುಕೊಂಡ ಕೂಡಲೇ ಅದಕ್ಕೂ ಮೊದಲೇ ಶಾಲೆ ಬಿಟ್ಟವರು ಲೆಕ್ಕಕ್ಕೆ ಸಿಗದವರಾಗುತ್ತಾರೆ. ಬೇರೆ ಊರಿನಲ್ಲಾದರೆ ಇದನ್ನು ಹೇಳಿ ಮುಂದೆ ಹೋಗಬಹುದಿತ್ತು. ಶಿಡ್ಲಘಟ್ಟದಲ್ಲಿ ಹಾಗಲ್ಲ. ಇದು ರೇಷ್ಮೆ ಬಿಚ್ಚುವ ಊರು. ಚರಕ ತಿರುಗಿಸಲು ಸಣ್ಣ ಕೈಗಳೇ ಆಗಬೇಕು ಎಂದುಕೊಂಡಿದ್ದ ಕಾಲವೊಂದಿತ್ತು. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿನ ಮಕ್ಕಳ ಜೀತವನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರತ್ಯೇಕ ವರದಿಯನ್ನೇ ಹೊರತಂದಿತು. ಬಿಸಿನೀರಿನಲ್ಲಿ ಗೂಡು ಕೆದಕಿ ಬೆರಳು ಬೆಂದ ಮಕ್ಕಳ ಮಾತುಗಳು ಅದರಲ್ಲಿವೆ. ಐದನೆಯ ಕ್ಲಾಸಿನ ತನಕ ಪಕ್ಕದ ಬೆಂಚಿನಲ್ಲಿದ್ದು ಆಮೇಲೆ ಬಿಚ್ಚಾಣಿಕೆಯ ಕೆಲಸಕ್ಕೆ ಹೋದ ಹುಡುಗ ಈವತ್ತು ಅದೇ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಅನ್ನದ ಹಂಡೆ ಇಳಿಸುತ್ತಿರಬಹುದು. ಗುರುವಂದನೆಯ ಚಿತ್ರದಲ್ಲಿ ಅವನಿಗೆ ಜಾಗವಿಲ್ಲ. ಹೆಣ್ಣುಮಕ್ಕಳದು ಇನ್ನೊಂದು ಕಥೆ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದವಳ ನಂಬರು ಬೇಕಾದರೆ ಅಣ್ಣನನ್ನು ಕೇಳಬೇಕು, ಅಣ್ಣ ಕೊಡುವುದು ಭಾವನ ನಂಬರನ್ನು. ಬಂದವರೂ ಊಟ ಮುಗಿಸಿ ಮೂರು ಗಂಟೆ ಬಸ್ಸಿಗೆ ಹೊರಡುತ್ತಾರೆ. ಹಾಡು, ಅಂತ್ಯಾಕ್ಷರಿ, ಕುಣಿತ, ಅಂದರೆ ನಿಜವಾದ ಸಮ್ಮಿಲನ, ಶುರುವಾಗುವುದು ಆಮೇಲೆ.

ಹೀಗೆ ಪಳಗಿದ ಕಣ್ಣು ಮನೆಗೆ ಬಂದರೆ ಏನಾಗುತ್ತದೆ? ಅಡುಗೆಮನೆಯ ಬೆಳಕಿನಲ್ಲಿ ಮುದ್ದೆ ತಿರುವುತ್ತಿರುವ ಅಮ್ಮ ಚೆನ್ನಾಗಿ ಕಂಡು ಮಗ ಮೊಬೈಲು ಎತ್ತುತ್ತಾನೆ. ಅಮ್ಮ ಥಟ್ಟನೆ ಸೆರಗು ಎಳೆದುಕೊಳ್ಳುತ್ತಾಳೆ: ‘ಏಯ್, ತಲೆ ಬಾಚಿಲ್ಲ ಕಣೋ, ತೆಗೀಬೇಡ.’ ನಮ್ಮ ಮನೆಗಳ ಛಾಯಾಗ್ರಹಣದ ಸಿದ್ಧಾಂತವೆಲ್ಲ ಈ ಒಂದು ಮಾತಿನಲ್ಲಿದೆ. ಫೋಟೊ ಎಂದರೆ ತಲೆ ಬಾಚಿದ ಮೇಲಿನ ಸಂಗತಿ. ಅಮ್ಮನನ್ನು ದೂರಿ ಫಲವಿಲ್ಲ. ಅವಳಿಗೆ ಕ್ಯಾಮೆರಾ ಪರಿಚಯವಾದದ್ದೇ ಹಾಗೆ. ಸ್ಟುಡಿಯೊದ ಪರದೆ, ಎರಡು ಕುರ್ಚಿ, ‘ಉಸಿರು ಬಿಗಿ ಹಿಡೀರಿ’. ಎಷ್ಟೋ ಅಜ್ಜಿಯರಿಗೆ ಅಷ್ಟೂ ಇರಲಿಲ್ಲ. ಟಿ.ಎನ್. ಶೇಷನ್ ದೇಶದ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆ ಫೋಟೊ ಇರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶವಾಯಿತು. ಹಳ್ಳಿಯ ಸಾವಿರಾರು ಹೆಂಗಸರು ಬದುಕಿನಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಒಬ್ಬರೇ ಕೂತದ್ದು ಆಗ. ಅಜ್ಜಿ ತೀರಿಕೊಂಡಾಗ ಆ ಬೆದರಿದ ಮುಖವನ್ನೇ ಸ್ಟುಡಿಯೊದವರಿಗೆ ಕೊಟ್ಟು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಈಗ ಮೊಬೈಲಿನಲ್ಲಿ ಸಾವಿರ ಚಿತ್ರಗಳಿವೆ, ಪರಿಸ್ಥಿತಿ ಬದಲಾಗಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಅಪ್ಪನ ಒಂದು ಒಳ್ಳೆಯ ಫೋಟೊ ಬೇಕೆಂದಾಗ ಮನೆಮಂದಿಯೆಲ್ಲ ಫೋನು ತಡಕಾಡುತ್ತಾರೆ. ಕೊನೆಗೆ ಯಾರದೋ ಮದುವೆಯ ಆರತಕ್ಷತೆಯ ಗುಂಪಿನಿಂದ ಅಪ್ಪನ ಮುಖವನ್ನು ಕತ್ತರಿಸಿ ತೆಗೆಯುತ್ತಾರೆ, ಭುಜದ ಮೇಲೆ ಪಕ್ಕದವರ ಕೈ ಸಮೇತ. ಮೂವತ್ತು ವರ್ಷ ದಿನವೂ ಕೂತ ಜಗಲಿಯ ಮೇಲೆ ಅಪ್ಪ ಕೂತ ಒಂದು ಚಿತ್ರ ಸಿಗುವುದಿಲ್ಲ.

ಹಾಗೆಂದು ಮನೆಯಲ್ಲಿ ಫೋಟೊ ತೆಗೆಯುವುದಿಲ್ಲವೆಂದಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸುಗಳನ್ನು ಒಂದು ವಾರ ನೋಡಿ ಸಾಕು: ಗೃಹಪ್ರವೇಶ, ನಾಮಕರಣ, ತಿರುಪತಿ, ಹೊಸ ಗಾಡಿಗೆ ನಿಂಬೆಹಣ್ಣು, ಕೇಕಿನ ಮುಂದೆ ಬಣ್ಣದ ಟೋಪಿ ಹಾಕಿದ ಮಗು. ಇವೆಲ್ಲ ಮನೆಯೊಳಗೇ ನಡೆಸಿದ ಸಣ್ಣ ಸಣ್ಣ ಸಮ್ಮಿಲನಗಳು. ಅದೇ ಸಾಲು, ಅದೇ ನಗು. ಕುಟುಂಬ ತನ್ನನ್ನು ತಾನು ಅತಿಥಿಯ ಹಾಗೆ ನೋಡಿಕೊಳ್ಳುತ್ತಿದೆ.

ಈ ಊರಿನಲ್ಲಿ ಇದರಿಂದಾಗುವ ನಷ್ಟ ಬರೀ ಭಾವುಕತೆಯದಲ್ಲ. ರಾಮನಗರದ ನಂತರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯೆಂದರೆ ಶಿಡ್ಲಘಟ್ಟ. ಆ ಗೂಡು ಬರುವುದು ಕಾರ್ಖಾನೆಯಿಂದಲ್ಲ, ಮನೆಗಳಿಂದ. ಇಲ್ಲಿ ಉದ್ಯೋಗದ ಚರಿತ್ರೆಯೂ ಸಂಸಾರದ ಚರಿತ್ರೆಯೂ ಒಂದೇ ಸೂರಿನ ಕೆಳಗೆ ನಡೆದಿವೆ. ಪ್ರತ್ಯೇಕ ಹುಳುಮನೆಗಳು ಏಳುವ ಮೊದಲು ನಡುಮನೆಯಲ್ಲೇ ತಟ್ಟೆಗಳ ಸ್ಟ್ಯಾಂಡು. ಉಳಿದ ಜಾಗದಲ್ಲಿ ಜನ ಮಲಗುತ್ತಿದ್ದರು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲಿನ ಆರೇಳು ದಿನಗಳಲ್ಲಿ, ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಅದು ತಿಂದು ಮುಗಿಸುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಶಾಲೆಗೆ ಹೋಗುವ ಹುಡುಗಿ ಬೆಳಿಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಿಯೇ ಜಡೆ ಹಾಕಿಸಿಕೊಳ್ಳುತ್ತಾಳೆ. ನೆಂಟರು ಬಂದರೆ ಹೊರಗಿನಿಂದಲೇ ಮಾತು. ಹುಳು ಹಣ್ಣಾದ ದಿನ, ಅಕ್ಕಪಕ್ಕದವರನ್ನೂ ಕರೆದು, ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಗೂಡು ಕಟ್ಟಲು ಶುರುಮಾಡುತ್ತದೆ. ಇನ್ನು ಪಟ್ಟಣದೊಳಗೆ ಬಿಚ್ಚಾಣಿಕೆಯ ಮನೆಗಳು: ಹಿತ್ತಲಲ್ಲಿ ಒಲೆ, ಹಬೆ, ಗೂಡು ಬೇಯುವ ವಾಸನೆ, ಪಕ್ಕದಲ್ಲೇ ತೊಟ್ಟಿಲು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವ್ಯಾಪಾರದೊಳಗೆ ಬೆರೆತು ಓಡಾಡುವ ಊರು ಇದು.

ಇದನ್ನೆಲ್ಲ ಯಾರು ಚಿತ್ರಿಸಬೇಕು? ಹೊರಗಿನ ಛಾಯಾಗ್ರಾಹಕ ಬಂದು ಮಾರುಕಟ್ಟೆಯ ಗೂಡಿನ ರಾಶಿಯ ಚಿತ್ರ ತೆಗೆಯಬಲ್ಲ. ಅಂಥ ಚಿತ್ರಗಳು ಬೇಕಾದಷ್ಟಿವೆ. ಹುಳುಮನೆಯೊಳಕ್ಕೆ ಅವನನ್ನು ಯಾರೂ ಬಿಡುವುದಿಲ್ಲ. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗದಂಥ ಹುಳುವಿನ ಕಾಯಿಲೆಗಳಲ್ಲಿ ಯಾವುದು ಯಾರ ಕಾಲಿನ ಧೂಳಿನಲ್ಲಿ ಬರುತ್ತದೋ ಎಂದು ರೈತ ಹೆದರುತ್ತಾನೆ, ಆ ಹೆದರಿಕೆ ಸಕಾರಣವಾದದ್ದೇ. ಹಾಗಾಗಿ ಈ ಲೋಕದ ಒಳಚಿತ್ರವನ್ನು ತೆಗೆಯಲು ಅಧಿಕಾರವೂ ಅವಕಾಶವೂ ಇರುವುದು ಆ ಮನೆಯವರಿಗೆ ಮಾತ್ರ. ಅವರ ಜೇಬಿನಲ್ಲಿ ಕ್ಯಾಮೆರಾ ಇದೆ. ಅವರು ಅದನ್ನು ಬೆಳೆ ಮುಗಿದು, ಮನೆ ತೊಳೆದು, ಹೊಸ ಬಟ್ಟೆ ಹಾಕಿಕೊಂಡ ಮೇಲೆ ಹೊರತೆಗೆಯುತ್ತಾರೆ. ಈ ನಡುವೆ ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂತು, ತಟ್ಟೆಯ ಬದಲು ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂತು, ಚರಕದ ಮುಂದೆ ಸ್ವಯಂಚಾಲಿತ ಯಂತ್ರಗಳು ಬಂದವು, ಕೂಗಾಟದ ಹರಾಜು ಕಂಪ್ಯೂಟರಿನ ಹರಾಜಾಯಿತು. ಯಾವುದು ಯಾವಾಗ ಮನೆ ಬಿಟ್ಟು ಹೋಯಿತೆಂದು ತೋರಿಸಲು ಆ ಮನೆಯದೇ ಒಂದು ಫೋಟೊ ಇರುವುದಿಲ್ಲ. ಕತ್ತಲ ಕೋಣೆಯಲ್ಲಿ ಸಾವಿರಾರು ಹುಳುಗಳು ಸೊಪ್ಪು ಕತ್ತರಿಸುವ ಸದ್ದಂತೂ ಫೋಟೊಕ್ಕೆ ಸಿಗುವಂಥದ್ದಲ್ಲ, ಮೊಬೈಲಿನ ಅರ್ಧ ನಿಮಿಷದ ವಿಡಿಯೊಕ್ಕೆ ಸಿಕ್ಕೀತು. ಹುಳು ಸಾಕುವುದನ್ನು ಬಿಟ್ಟುಬಿಟ್ಟ ಮನೆಗಳ ಮುದುಕರನ್ನು ಕೇಳಿದರೆ ಮೊದಲು ನೆನಪಿಸಿಕೊಳ್ಳುವುದು ಅದನ್ನೇ.

ತಪ್ಪೆಲ್ಲ ವಾಟ್ಸ್‌ಆ್ಯಪ್ಪಿನದಲ್ಲ. ಕರ್ನಾಟಕದ ಛಾಯಾಗ್ರಹಣ ದೊಡ್ಡ ಹೆಸರು ಮಾಡಿದ್ದು ಕಾಡಿನಲ್ಲಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳು, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ (ಅದು ಶುರುವಾದದ್ದು 1971ರಲ್ಲಿ) ಕೂಟಗಳು ಬೆಳೆಸಿದ ಸ್ಪರ್ಧೆಗಳ ಶಿಸ್ತು, ಇವು ಸಣ್ಣ ಸಾಧನೆಗಳಲ್ಲ. ಆದರೆ ಆ ಸ್ಪರ್ಧೆಗಳ ರುಚಿ ಮನುಷ್ಯನ ಕಡೆ ತಿರುಗಿದಾಗ ಹುಡುಕಿದ್ದು ಸುಕ್ಕುಗಟ್ಟಿದ ಮುದುಕಿಯ ಮುಖವನ್ನು, ಕಂಬಳದ ಕೆಸರನ್ನು, ಧೂಳೆಬ್ಬಿಸುವ ಕುರಿಮಂದೆಯನ್ನು. ಅಂದರೆ ಯಾವಾಗಲೂ ಬೇರೆಯವರ ಬದುಕನ್ನು. ಸ್ವಂತ ಅಡುಗೆಮನೆ ಒಂದು ವಿಷಯವೆಂದು ನಮಗೆ ಹೇಳಿಕೊಟ್ಟವರು ಕಡಿಮೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದಿನನಿತ್ಯದ ಜನಜೀವನಕ್ಕೆ ಅಂಟಿಕೊಂಡ ಅಪರೂಪದವರು; ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ದಾರಿಯಲ್ಲಿ ಹಿಂಬಾಲಿಸಿದವರು ವೃತ್ತಿಯ ಪತ್ರಿಕಾ ಛಾಯಾಗ್ರಾಹಕರು, ಮನೆಯವರಲ್ಲ. ಶಿಡ್ಲಘಟ್ಟದವರೇ ಆದ ಛಾಯಾಗ್ರಾಹಕ ಡಿ.ಜಿ. ಮಲ್ಲಿಕಾರ್ಜುನ ತಮ್ಮ ಪುಸ್ತಕವೊಂದಕ್ಕೆ ‘ಅರೆಕ್ಷಣದ ಅದೃಷ್ಟ’ ಎಂದು ಹೆಸರಿಟ್ಟರು. ಹಕ್ಕಿಗಾಗಿಯೋ ಚಿಟ್ಟೆಗಾಗಿಯೋ ಕಾಯುವವನ ಮಟ್ಟಿಗೆ ಅದು ಸತ್ಯ. ಮನೆಯ ಚಿತ್ರಕ್ಕೆ ಅದೃಷ್ಟವೇ ಬೇಕಿಲ್ಲ. ಈವತ್ತು ತಪ್ಪಿದರೆ ಅದೇ ಬೆಳಕಿನಲ್ಲಿ ಅದೇ ಅಮ್ಮ ನಾಳೆಯೂ ಮುದ್ದೆ ತಿರುವುತ್ತಾಳೆ. ಅದಕ್ಕೇ ನಾವು ತೆಗೆಯುವುದಿಲ್ಲ.

ಸಾಲಾಗಿ ನಿಲ್ಲಿಸಿ ತೆಗೆಯುವುದೇ ಕೆಟ್ಟದ್ದು ಎನ್ನಲಾರೆ. ಅಮೆರಿಕದ ನಿಕೊಲಸ್ ನಿಕ್ಸನ್ ತನ್ನ ಹೆಂಡತಿಯನ್ನೂ ಅವಳ ಮೂವರು ತಂಗಿಯರನ್ನೂ 1975ರಿಂದ ನಾಲ್ಕು ದಶಕಗಳಿಗೂ ಮೀರಿ ಪ್ರತಿವರ್ಷ ಒಂದೇ ಕ್ರಮದಲ್ಲಿ ನಿಲ್ಲಿಸಿ ತೆಗೆದ. ಎಲ್ಲವೂ ಭಂಗಿಯ ಚಿತ್ರಗಳೇ, ನಗು ಮಾತ್ರ ಅಪರೂಪ. ವರ್ಷದಿಂದ ವರ್ಷಕ್ಕೆ ಅವರು ಒಬ್ಬರಿಗೊಬ್ಬರು ಎಷ್ಟು ಒರಗಿ ನಿಲ್ಲುತ್ತಾರೆ ಎಂಬುದರಲ್ಲೇ ಒಂದು ಸಂಸಾರದ ಕಥೆಯಿದೆ. ನಮ್ಮ ಗ್ರೂಪ್ ಫೋಟೊಗಳಿಗೆ ಆ ಪುನರಾವರ್ತನೆಯ ಶಿಸ್ತೂ ಇಲ್ಲ. ಒಂದು ಸಲ ಸೇರುತ್ತಾರೆ, ಎಂಟು ನೂರು ಚಿತ್ರ ತೆಗೆಯುತ್ತಾರೆ, ಮುಗಿಯಿತು.

ದಿನನಿತ್ಯವನ್ನು ತೆಗೆಯಿರಿ ಎಂದ ಕೂಡಲೇ ಇನ್ನೊಂದು ಅಪಾಯವಿದೆ. ತೆಗೆಯುವುದು ಬೇರೆ, ಹಂಚುವುದು ಬೇರೆ. ಹಂಡೆಯ ಮುಂದೆ ಸ್ನಾನ ಮಾಡುವ ಮಗು, ಜ್ವರ ಬಂದು ಮಲಗಿದ ಅತ್ತೆ, ಬೈಸಿಕೊಂಡು ಅಳುವ ಹುಡುಗಿ, ಇವು ಮನೆಯ ಸಂಗತಿಗಳು. ಸಾವಿರ ಜನರ ಗುಂಪಿನವಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಆದರೆ ಸ್ವಂತ ಹಾಗೂ ಗೃಹಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಪ್ಪನೇ ಸ್ಟೇಟಸ್ಸಿಗೆ ಹಾಕಿದರೆ ಕಾನೂನಿಗೆ ಹೇಳಲು ಹೆಚ್ಚೇನೂ ಇಲ್ಲ. ಇಲ್ಲಿ ಅಮ್ಮನ ‘ತೆಗೀಬೇಡ’ ಮತ್ತೆ ಕೇಳಿಸಿಕೊಳ್ಳಬೇಕಾದ ಮಾತಾಗುತ್ತದೆ. ಅವಳು ಬೇಡವೆನ್ನುತ್ತಿರುವುದು ಎಷ್ಟೋ ಸಲ ಫೋಟೊವನ್ನಲ್ಲ, ಅದನ್ನು ನೋಡಲಿರುವ ನಾದಿನಿಯರನ್ನು. ‘ಗುಂಪಿಗೆ ಹಾಕಲ್ಲಮ್ಮ, ನಮಗೇ ಇರಲಿ’ ಎಂದು ಹೇಳಿ ಅದರಂತೆ ನಡೆದುಕೊಳ್ಳುವ ಮಗನಿಗೆ ನಾಲ್ಕನೆಯ ಸಲಕ್ಕೆ ಅವಳು ಸೆರಗು ಎಳೆದುಕೊಳ್ಳುವುದನ್ನು ಬಿಡುತ್ತಾಳೆ.

ಮುಂದಿನ ಬೇಸಿಗೆಯಲ್ಲಿ ಗುರುವಂದನೆ ಇಟ್ಟುಕೊಂಡಿರುವ ಅಡ್ಮಿನ್‌ಗಳಿಗೆ ಒಂದು ಸಲಹೆ ಕೊಡುವ ಹಕ್ಕನ್ನು ವಿಮರ್ಶಕನಾಗಿ ಉಳಿಸಿಕೊಳ್ಳುತ್ತೇನೆ. ಡ್ರೋನ್ ಬಿಡಿ. ಅದರ ಬಾಡಿಗೆಯಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟುಗಳು ಬೇಕಾದಷ್ಟು ಬರುತ್ತವೆ. ಬರುವವರೆಲ್ಲ ಮನೆಯ ಒಂದು ಮಾಮೂಲು ದಿನದ ಚಿತ್ರ ತರಲಿ, ಹೊಸದಾದರೂ ಸರಿ, ಹಳೆಯದಾದರೂ ಸರಿ, ಮನೆಯವರು ಒಪ್ಪಿದರೆ. ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆದಿರಲಿ. ಸನ್ಮಾನದ ಹೊತ್ತನ್ನು ಅರ್ಧ ತಾಸು ಕಡಿಮೆ ಮಾಡಿ ಮೇಷ್ಟ್ರುಗಳ ಜೊತೆ ಕೂತು ಅವನ್ನು ನೋಡಿ. ‘ನಮ್ಮನೇಲಿ ತೋರಿಸೋಕೆ ಏನಿದೆ ಸಾರ್?’ ಎಂದು ಬಹಳ ಜನ ಕೇಳುತ್ತಾರೆ, ಕೇಳಲಿ. ತರುವ ಹತ್ತು ಚಿತ್ರಗಳಲ್ಲಿ ಒಂದೆರಡರಲ್ಲಾದರೂ ಚಂದ್ರಿಕೆಯ ಪಕ್ಕದಲ್ಲಿಯೋ ಬಿಚ್ಚಾಣಿಕೆಯ ಒಲೆಯ ಮುಂದೆಯೋ ಒಬ್ಬ ಹುಡುಗ, ಒಬ್ಬ ಹುಡುಗಿ ನಿಂತಿರುತ್ತಾರೆ. ‘ಇವನು ಯಾರೋ?’ ಎಂಬ ಪ್ರಶ್ನೆ ಅಲ್ಲೂ ಏಳುತ್ತದೆ. ಯಾವ ಬ್ಯಾಚಿನವನೂ ಅಲ್ಲ, ನಮ್ಮ ಜೊತೆ ಐದನೇ ಕ್ಲಾಸಿನ ತನಕ ಇದ್ದ ಎಂದು ಯಾರಾದರೂ ಹೇಳಿದರೆ, ಅವನ ನಂಬರನ್ನೂ ಹುಡುಕಿ ಗುಂಪಿಗೆ ಸೇರಿಸಿ.